ಚಿಕ್ಕಮಾದು ಕನ್‌ಸ್ಟ್ರಕ್ಷನ್ಸ್, ಉಮ್ಮತ್ತೂರು

ಮಾತಾಡುದ್ಲಾ?… ಕೇಳ್ದಷ್ಟಕ್ಕಾರ ಯೋಳ್ಲಾ ಮಾದು. ನಿನ್ ಹೆಂಡ್ತಿ ಸುಂದ್ರಮ್ಮ ಏನಾರ ಬಾಯ್ ಬುಟ್ಲಾ? ನಿನ್ ಬಾಯಲಿ ಆಗ್ನಿಲ್ಲ ಅಂದ್ರ ತಲೆ ಆಡ್ಸು ಸಾಕು. ಇಲ್ಲ… ಸರಿ, ಸರಿ. ಗಂಟಲ್ಗ ಪೈಪ್ ಹಾಕವ್ರ ಅಂತ ಆ ನರ್ಸಮ್ಮನೂ ಅಂದ್ರು. ಕಣ್ಸನ್ನೆ, ಕೈಸನ್ನೆ?… ಅದೂ ಇಲ್ಲ. ಅಯ್ಯೋ ಪಾಪ. ನಾನ್ಯಾಕ ಕೇಳ್ದೆ ಅಂದ್ರ, ಹೆಂಗುಸು ಒಂದ್ ಮಾತಾಡ್ಬುಟ್ರ ನಮ್ಗೂ ಒಂದ್ ಧೈರ್ಯ ನೋಡು. ಅಷ್ಟೇ ಕಣ. ಬ್ಯಾರೇನಿಲ್ಲ.

ಬಾ, ಈ ಬೆಂಚ್ ಮ್ಯಾಲ ಕೂತ್ಗ. ವಾರ್ಡ್ ಬಾಗ್ಲಲಿ ಬ್ಯಾಡ, ಅಲ್ಲಿ ಜನ ಓಡಾಡ್ತಾರ. ನಾಕ್ ದಿನದಿಂದ ನಿಂತೇ ಇದ್ದೀ ಅಂತ ಕಾಣ್ತದ, ಕಾಲು ಊದ್ಕಂಡದ. ತಗ, ಎಳನೀರು. ಕುಡಿ… ಯಾಕ್ಲಾ ಪಕ್ಕಕ್ಕಿಟ್ಟೆ? ನಾನೇನ್ ವಿಷ ಬೆರ್ಸಿವ್ನಾ? ಹನ್ನೆರಡ್ ವರ್ಸ ನನ್ ಕೆಲ್ಸದಲಿ ಇದ್ದೋನು ನೀನು. ತಾರಸಿ ಮೋಲ್ಡ್ ಹಾಕ್ದ ದಿನ ಬಾಡೂಟ ನಿಂಗ ನನ್ ಕೈಯಾರ ಬಡಿಸ್ತಿದ್ದೆ. 'ಸಾಕು ಬುದ್ದಿ, ಸಾಕು ಬುದ್ದಿ' ಅಂತಿದ್ದೆ. ಎಷ್ಟ್ ಸಲ ಯೋಳಿವ್ನಿ, ಬುದ್ದಿ ಅನ್ಬ್ಯಾಡಿ, ಶಿವಸ್ವಾಮಣ್ಣ ಅನ್ನಿ, ಕಾಲ ಬದ್ಲಾಗದ ಅಂತ. ನೀನೂ ಕೇಳ್ನಿಲ್ಲ, ನಿನ್ ಹೆಂಡ್ತಿನೂ ಕೇಳ್ನಿಲ್ಲ.

ಅಲ್ಲಾ… ಕಿಟಕಿ ತವ ನಿಂತವ್ಳಲ್ಲ ನಿನ್ ಮಗ್ಳು ಭಾನು, ಯಾಕ ಆ ಫೋನ ಈ ಕಡಿಕೇ ತಿರುಗಿಸ್ಕಂಡವ್ಳ? ರೆಕಾರ್ಡ್ ಮಾಡ್ತಾವ್ಳಾ?… ಯಾಕ್ಲಾ ನಗ್ತೀ? ನಗಾದೇನದ ಇದ್ರಲಿ? ಸಿಗ್ನಲ್ ಸಿಗ್ನಿಲ್ಲ ಅಂತ ಅಂಗ ಇಡ್ಕಂಡವ್ಳಾ… ಇರ್ಬೋದು, ಇರ್ಬೋದು. ಆದ್ರ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ನೆನ್ನೆ ಅವ್ಳು ಇಂಜಿನಿಯರ್ ಆಫೀಸ್ಗ ಓಗಿದ್ಳಂತ. 'ಗುತ್ತಿಗೆದಾರರ ಲೈಸೆನ್ಸ್ ನಿಯಮದ ಒಂದ್ ಪ್ರತಿ ಕೊಡಿ ಸಾರ್' ಅಂದ್ಳಂತ. ಅಲ್ಲಿಂದ್ಲೇ ನಂಗ ಫೋನ್ ಬಂತು. ತಾಯಿ ಇಲ್ಲಿ ಮಲಗವ್ಳ, ಮಗ್ಳು ಅಲ್ಲಿ ನಿಯಮ ಕೇಳ್ಕಂಡ್ ಓಗವ್ಳ! ಯಾರ್ ಕಳ್ಸುದ್ರು? ವಕೀಲ್ರಾ? ಸಂಘದವ್ರಾ?… ನೀನಾ?

ನೀನಲ್ಲ. ನೀನಲ್ಲ ಅಂತ ನಂಗೊತ್ತು ಕಣ. ನೀನು ಮೂರ್ನೇ ಕ್ಲಾಸು. ನಿಂಗ ಈ ಬುದ್ದಿ ಎಲ್ಲಿಂದ ಬತ್ತದ.

ಸುಮ್ಕ ಓಡಾಡ್ದಳು ಮಗಿ. ನನ್ನೇ ಕೇಳಿದ್ರ ನಾನೇ ಯೋಳ್ತಿರ್ನಿಲ್ವಾ? ಮೂವತ್ ವರ್ಸದಿಂದ ಅದ್ರಲೇ ಬೆಂದಿವ್ನಿ. ಲೈಸೆನ್ಸ್ ಯಾರ್ ಹೆಸ್ರಲದ್ಯೋ ಅವ್ನೇ ಕೆಲ್ಸ ಮಾಡ್ಬೇಕು. ಇನ್ನೊಬ್ಬನ್ಗ ಕೊಡಂಗಿಲ್ಲ. ಕೊಟ್ಟೋನ್ದೂ ತಪ್ಪು, ಈಸ್ಕಂಡೋನ್ದೂ ತಪ್ಪು. ಕೂಲಿಯವ್ರಿಗ ವಿಮೆ ಮಾಡ್ಸ್ಬೇಕು. ಕೆಲ್ಸದ ಜಾಗದಲಿ ಹೆಸ್ರಿನ ಬೋರ್ಡ್ ನೆಡ್ಬೇಕು. ಏನಾರ ಹೆಚ್ಚುಕಮ್ಮಿ ಆದ್ರ ಬೋರ್ಡಲಿರೋ ಹೆಸ್ರೇ ಉತ್ತರ ಕೊಡ್ಬೇಕು. ಇಷ್ಟೇ ಕಣ್ಲಾ ನಿಯಮ. ಇದ್ಕ ಆಫೀಸ್ಗ ಯಾಕ ಓಗ್ಬೇಕಿತ್ತು?

'ಕೊಟ್ಟೋನ್ದೂ ತಪ್ಪು' ಅಂದ್ನಲ್ಲ, ಅದ್ನ ಕೇಳಿಸ್ಕಂಡ್ಯಾ? ಕೇಳಿಸ್ಕ. ಅದು ಮುಖ್ಯ.

ನಾವಿಬ್ರೂ ಏನ್ ಕದ್ದೋ ಮಾದು? ನೀನೇ ಯೋಳು. ಆರ್ ವರ್ಸದ ಹಿಂದ ಉಮ್ಮತ್ತೂರ್ಗ ಬಂದು ನಿನ್ ಜಗ್ಲಿ ಮ್ಯಾಲ ಕೂತ್ಗಂಡೆ. ಸುಂದ್ರಮ್ಮ ನೀರ್ ತಂದ್ಕೊಟ್ಳು, ಕುಡ್ದೆ. ನಿಮ್ ಬೀದೀಲಿ ನಮ್ಮೋರು ಯಾರ್ ಕುಡ್ದವ್ರ ಅವತ್ತಿನ್ ತನ್ಕ? ನಾನ್ ಕುಡ್ದೆ. 'ಮಾದೂ, ನಿಮ್ಮೋರ್ಗ ಅಂತ ಸರ್ಕಾರ ಕೆಲ್ಸ ಮೀಸ್ಲಿಟ್ಟದ. ಆ ಟೆಂಡರ್ನ ನಾನ್ ಮುಟ್ಟಂಗಿಲ್ಲ. ನೀ ಮುಟ್ಬೋದು. ಆದ್ರ ನಿನ್ ತವ ಬಂಡವಾಳ ಇಲ್ಲ. ನಿನ್ ಹೆಸ್ರು, ನನ್ ಓಡಾಟ, ಇಬ್ರೂ ಬದುಕನ' ಅಂದೆ. ನೀ ಏನಂದೆ? 'ನೀವೆಂಗ್ ಯೋಳುದ್ರ ಅಂಗ ಬುದ್ದಿ.' ಅಂದ್ಯೋ ಇಲ್ವೋ?

ಕ್ಯಾಮರಾ ಮುಂದ ಕೂರ್ಸಿ ಹೆಸ್ರು ಯೋಳ್ಸುದ್ರಲ್ಲ, ಮರ್ತ್ಯಾ? ಆ ಡಿಜಿಟಲ್ ಸೈನ್ಗ. 'ನಾನು ಚಿಕ್ಕಮಾದು, ಉಮ್ಮತ್ತೂರು' ಅನ್ನಕ ಮೂರ್ ಸಲ ತಡವರ್ಸುದ್ದೆ ನೀನು. ಹೊಸ ಬಿಳೀ ಶರ್ಟ್ ಕೊಡ್ಸುದ್ದೆ ನಾನೇ. ಆ ಸೈನ್ ಇರೋ ಪೆನ್ ಡ್ರೈವು… ಇಲ್ಲೇ ಅದ ನೋಡು, ನನ್ ಬೈಕ್ ಕೀ ಗೊಂಚಲಲೇ. ನೀ ಕಳ್ಕಂತೀಯ ಅಂತ ನಾನೇ ಮಡೀಕಂಡಿವ್ನಿ. ರಬ್ಬರ್ ಸೀಲೂ ಅಷ್ಟೇ. 'ಚಿಕ್ಕಮಾದು ಕನ್‌ಸ್ಟ್ರಕ್ಷನ್ಸ್, ಮಾಲೀಕರು.' ಮಾಲೀಕ್ರು ಕಣ್ಲಾ!

ಮೊದಲ್ನೇ ಚರಂಡಿ ಕೆಲ್ಸದಲಿ ಬೋರ್ಡ್ ನೆಡಕ ಗುಂಡಿ ತೋಡ್ದೋನೂ ನೀನೇ. ನಿನ್ ಹೆಸ್ರಿನ್ ಬೋರ್ಡ್ಗ ನೀನೇ ಗುಂಡಿ! ಎಲ್ರೂ 'ಕಂಟ್ರಾಕ್ಟ್ರು ಸಾಹೇಬ್ರು ಮಂಕ್ರಿ ಹೊತ್ಕಂಡ್ ಬತ್ತಾವ್ರ, ದಾರಿ ಬುಡಿ' ಅಂತ ಆಡ್ಕಂಡ್ರು. ನೀನೂ ನಕ್ಕೆ. ನಕ್ಕಿದ್ದೆ ತಾನೇ?… ಈಗ್ಯಾಕ ನಗ್ನಿಲ್ಲ?

ಸರಿ, ಬುಡು. ಇಲ್ನೋಡು, ಮೂರ್ ಗಂಟೆಗ ಪೊಲೀಸ್ನೋರು ಬತ್ತಾರ, ನಿನ್ ಹೇಳಿಕೆ ತಗಳಕ. ಅದ್ಕ ಮುಂಚ ಒಂದ್ ಸಣ್ ಕೆಲ್ಸ. ಈ ಬಾಂಡ್ ಪೇಪರ್ ತಂದಿವ್ನಿ. ಒಂದ್ ಸೈನು. ಕನ್ನಡ್ದಲೇ ಬರ್ಸಿವ್ನಿ, ನಿಂಗ ಅರ್ಥ ಆಗ್ಲಿ ಅಂತ. ಓದ್ಲಾ? 'ಸಂತೆಮರಹಳ್ಳಿ ರಸ್ತೆಯ ಪ್ರಯಾಣಿಕರ ತಂಗುದಾಣದ ಕಾಮಗಾರಿಯನ್ನು ಗುತ್ತಿಗೆದಾರನಾದ ನಾನೇ ಖುದ್ದಾಗಿ ನಿರ್ವಹಿಸಿರುತ್ತೇನೆ…' ಇದು ನಿಜ್ವೇ ಅಲ್ವಾ? ಗಾರೆ ಕಲ್ಸಿದ್ದು ನೀನು, ಮೋಲ್ಡ್ ಹಾಕ್ದೋನು ನೀನು. 'ಸದರಿ ಕಾಮಗಾರಿಗೂ ಶ್ರೀ ಶಿವಸ್ವಾಮಿಯವರಿಗೂ ಯಾವ ಸಂಬಂಧವೂ ಇರುವುದಿಲ್ಲ…' ಇದು ಸುಮ್ನ, ಒಂದ್ ಮಾತ್ಗ. 'ನಾನು ಸ್ಥಳದಲ್ಲಿಲ್ಲದ ವೇಳೆ ಕೂಲಿ ಸುಂದ್ರಮ್ಮನವರು ಯಾರ ಅಪ್ಪಣೆಯೂ ಇಲ್ಲದೆ ತಾರಸಿಗೆ ಕೊಟ್ಟಿದ್ದ ಕಂಬಗಳನ್ನು ಬಿಚ್ಚಲು ಹೋಗಿ…'

ಯಾಕ್ಲಾ ಎದ್ದೆ? ಕೂತ್ಗ. ಕೂತ್ಗ ಅಂದೆ. ಜನ ನೋಡ್ತಾರ.

ನಾನ್ ಕಟ್ಟಿ ಯೋಳ್ತಿಲ್ಲ ಮಾದು. ಅವ್ಳ ಮ್ಯಾಲ ತಪ್ ಹೊರ್ಸ್ಬೇಕು ಅಂತ ನಂಗೇನ್ ಹಠ್ವಾ? ನಡ್ದದ್ದು ಅಂಗೇ ಅಂತ ಎಲ್ರೂ ಅಂತಾವ್ರ. ಯಾವ ಎಲ್ರು ಅಂತ ಕೇಳ್ಬ್ಯಾಡ. ಅಲ್ಲಿದ್ದದ್ದೇ ಇಬ್ರು. ನಿನ್ ಹೆಂಡ್ತಿ, ರಾಚಯ್ಯ ಮೇಸ್ತ್ರಿ. ಅವ್ಳ್ ಬಾಯಲಿ ಪೈಪ್ ಅದ. ರಾಚ ಗುಂಡ್ಲುಪೇಟೆ ದಾಟಿ ಕೇರಳದ ಕಡಿಕ ಓಗ್ಬುಟ್ಟವ್ನ, ಕಲ್ಪೆಟ್ಟದಲಿ ಕೆಲ್ಸ ಅಂತ. ನಾನ್ ಕಳ್ಸ್ನಿಲ್ಲ! ಯಾರಂದ್ರು ನಾನ್ ಕಳಿಸ್ದೆ ಅಂತ? ಅವ್ನಾಗೇ ಓದ. ಅವತ್ತಿನಿಂದ ಅವ್ನ ಫೋನ್ ಸ್ವಿಚ್ ಆಫು. ಒಂದ್ ಮಾತ್ ಆಡಕ ಆಗ್ನಿಲ್ಲ ಅವ್ನ ತವ. ತಾರಸಿ ಬಿದ್ದದ್ದು ಎಂಗೆ ಅಂತ ನಂಗೂ ಗೊತ್ತಾಗದು ಬ್ಯಾಡ್ವಾ? ಒಂದೇ ಒಂದ್ ಮಾತ್ ಆಡಿಲ್ಲ ಅವ್ನು.

ನಾನಾ? ನಾನ್ ಅವತ್ತು ಗುಂಡ್ಲುಪೇಟೆ. ಬೆಳಗ್ಗೆ ಎಂಟಕ್ಕೇ ಓದೆ. ಷಡ್ಕನ ಮನೆ ಗೃಹಪ್ರವೇಶ. ಬೇಕಾದ್ರ ಫೋಟೊ ಅದ. ನೋಡು, ಬಾಳೆಲೆ ಮುಂದ ಕೂತಿವ್ನಿ… ಟೈಮಾ? ಫೋಟೊದಲಿ ಟೈಮ್ ಯಾಕ ನೋಡ್ತೀ ನೀನು? ಮಧ್ಯಾಹ್ನದ್ ಊಟ ಮಧ್ಯಾಹ್ನ ತಾನೇ ಮಾಡದು? ಅಬ್ಬಾ. ಮಗ್ಳ್ ಯೋಳ್ಕೊಟ್ಟವ್ಳಾ ಇದ್ನೂ?

ನಿಂಗ ಅನುಮಾನ ಬಂದದ. ಬಂದದ ಕಣ, ನಂಗ್ ಕಾಣ್ತದ. ಕಣ್ಣ ಕೆಳಕ್ ಹಾಕ್ಕಂಡೇ ಎಲ್ಲಾ ಕೇಳಿಸ್ಕತ್ತಿದ್ದೀ. ಮೊದ್ಲು ನೀ ಇಂಗಿರ್ನಿಲ್ಲ. 'ಊಂ ಬುದ್ದಿ, ಆಯ್ತು ಬುದ್ದಿ' ಅಂತಲಾರ ಅಂತಿದ್ದೆ. ಈಗ ಅದೂ ಇಲ್ಲ.

ನಂಗ ಅನುಮಾನ ಬರದು ಬ್ಯಾಡ್ವಾ, ಯೋಳು? ತಾರಸಿ ಬಿದ್ದ ದಿನ್ವೇ ನೀ ಕೆಲ್ಸಕ್ ಬರ್ನಿಲ್ಲ. ಹನ್ನೆರಡ್ ವರ್ಸದಲಿ ತಪ್ಪಿಸ್ದೋನಲ್ಲ ನೀನು. ತಾಲ್ಲೂಕ್ ಆಫೀಸ್ಗ ಓಗಿದ್ದೆ. ರೇಷನ್ ಕಾರ್ಡ್ ರದ್ದಾಯ್ತು ಅಂತ. ಯಾಕ್ ರದ್ದಾಯ್ತು ಅಂತ ಕೌಂಟ್ರಲಿ ಕೇಳುದ್ರ, 'ನೀವು ಕಂಟ್ರಾಕ್ಟ್ರು, ನಿಮ್ ಹೆಸ್ರಲಿ ಜಿಎಸ್‌ಟಿ ನಂಬರ್ ಅದ, ನಿಮ್ಗ ಅಕ್ಕಿ ಯಾಕ್ರೀ' ಅಂದ್ರಂತ. ಕೇಳಿ ನಂಗೂ ಹೊಟ್ಟೆ ಉರೀತು ಕಣ್ಲಾ. ಸರಿ ಮಾಡ್ಸ್ಕೊಡ್ತೀನಿ, ಆ ಕಾರ್ಡ್ ನನ್ ಜವಾಬ್ದಾರಿ. ಆದ್ರ ಅಲ್ಲಿ ಯಾರ್ನೆಲ್ಲ ಮಾತಾಡ್ಸ್ದೆ ನೀನು? ನನ್ ಹೆಸ್ರು ಯೋಳ್ದ್ಯಾ? 'ಲೈಸೆನ್ಸ್ ನಂದು, ಆದ್ರ ನಡ್ಸೋರು ಅವ್ರು' ಅಂದ್ಯಾ?… ಅಂದಿದ್ರೂ ಯೋಳ್ಬುಡು. ಬಯ್ಯಲ್ಲ.

ತಲೆ ಆಡಿಸ್ದ್ಯಾ, ಇಲ್ಲ ನೊಣ ಓಡಿಸ್ದ್ಯಾ? ಗೊತ್ತಾಗ್ನಿಲ್ಲ ನಂಗ.

ನೋಡು ಮಾದು, ಬಿಡ್ಸಿ ಯೋಳ್ತೀನಿ. ನೀ ಸೈನ್ ಹಾಕ್ನಿಲ್ಲ ಅನ್ಕ. ಮೂರ್ ಗಂಟೆಗ ಪೊಲೀಸ್ನೋರ್ ಬಂದು 'ಕಂಟ್ರಾಕ್ಟ್ರು ಯಾರು' ಅಂತಾರ. ಬೋರ್ಡಲಿ ಯಾರ್ ಹೆಸ್ರದ? ನಿಂದು. ಟೆಂಡರಲಿ? ನಿಂದು. ಡಿಜಿಟಲ್ ಸೈನು, ಸೀಲು, ಬ್ಯಾಂಕ್ ಪಾಸ್ ಪುಸ್ತಕ, ಎಲ್ಲಾ ನಿಂದೇ. ನನ್ ಹೆಸ್ರು ಒಂದ್ ಚೀಟಿ ಮ್ಯಾಲೂ ಇಲ್ಲ. ಗಾಯ ಆದ ಕೂಲಿಗ ಪರಿಹಾರ ಕೊಡ್ಬೇಕಾದೋನು ಯಾರು? ಕಂಟ್ರಾಕ್ಟ್ರು. ಅಂದ್ರ ನಿನ್ ಹೆಂಡ್ತಿಗ ನೀನೇ ಪರಿಹಾರ ಕೊಡ್ಬೇಕು! ವಿಮೆ ಮಾಡಿಸ್ನಿಲ್ಲ ಅಂತ ಕೇಸ್ ಬಿದ್ರೂ ನಿನ್ ಮ್ಯಾಲೇ. ಇಲ್ಲ, 'ಶಿವಸ್ವಾಮಿ ಲೈಸೆನ್ಸ್ ಈಸ್ಕಂಡಿದ್ದ' ಅಂತ ಬಾಯ್ ಬುಟ್ಟೆ ಅನ್ಕ. ಈಸ್ಕಂಡೋನ್ ಒಳಕ್ಕೋದ್ರ ಕೊಟ್ಟೋನು ಮನೇಲಿರ್ತಾನಾ? ಮೀಸ್ಲಾತಿ ಕೆಲ್ಸ ಮಾರ್ಕಂಡ ಅಂತಾರ ನಿನ್ನ. ನಿಮ್ ಜನ್ವೇ ಅಂತಾರ.

ಹೆದರಿಸ್ತಿಲ್ಲ ಕಣ್ಲಾ. ಇರಾದ್ನ ಯೋಳ್ತಿವ್ನಿ. ಸೈನ್ ಹಾಕ್ಬುಟ್ರ, ಕೂಲಿ ಮಾಡ್ಕಂಡ ಅಚಾತುರ್ಯ ಅಂತ ಆಯ್ತದ. ಅವ್ಳು ನಿನ್ ಹೆಂಡ್ತಿ, ನಿನ್ ಮ್ಯಾಲ ಅವ್ಳೇನ್ ಕೇಸ್ ಹಾಕ್ತಾಳಾ? ಅಲ್ಲಿಗ್ ಮುಗೀತು. ಆಸ್ಪತ್ರೆದೆಲ್ಲಾ ನಾನ್ ನೋಡ್ಕತೀನಿ, ಮೈಸೂರ್ಗ ಕರ್ಕಂಡೋಗ್ಬೇಕು ಅಂದ್ರ ಮೈಸೂರು. ಭಾನುಗ ಬದನಗುಪ್ಪೆ ಕಡೆ ಫ್ಯಾಕ್ಟ್ರೀಲಿ ಕೆಲ್ಸ, ಮ್ಯಾನೇಜರ್ ನಂಗ ಗೊತ್ತಿರೋನು. ಮಗಿ ನಿಯಮ ಓದದ್ನ ಬುಟ್ಟು ಬದ್ಕು ನೋಡ್ಕಳ್ಳಿ.

ಪೆನ್ನು ಇಲ್ಲೇ ಅದ. ತಗ… ಇಡ್ಕಳ್ಲಾ.

ಏನ್ ಯೋಚ್ನ ಮಾಡ್ತಿದ್ದೀ? ಕಂಬ ಎಲ್ಲೋದೋ ಅಂತಲಾ? ಅದೇ ತಾನೇ ನಿನ್ ತಲೇಲಿ ಓಡ್ತಿರದು? ಮೊನ್ನೆನೂ ಬಿದ್ದ ತಾರಸಿ ತವ ಓಗಿ ಸುತ್ತಮುತ್ತ ಹುಡುಕ್ತಿದ್ದಂತ ನೀನು. ಏನ್ ಹುಡುಕ್ದೆ? ಸೆಂಟ್ರಿಂಗ್ ಕಂಬ ಗುಂಡ್ಲುಪೇಟೆಲಿ ಅವ. ಅಲ್ಲಿ ನಂದೊಂದ್ ಮೋಲ್ಡ್ ಇತ್ತು ಮಾರ್ನೇ ದಿನ. ರಾಚ ಟೆಂಪೊಗ ತುಂಬ್ಕಂಡು ತಂದ್ಬುಟ್ಟವ್ನ, ನಂಗ್ ಯೋಳ್ದಂಗೇ. ತಂದ್ಬುಟ್ಟ ಮ್ಯಾಲ ನಾನೇನ್ ಮಾಡ್ಲಿ, ವಾಪಸ್ ತಂದ್ ನಿಲ್ಲಿಸ್ಲಾ? ಅಷ್ಟೊತ್ಗ ಎಲ್ಲಾ ಆಗೋಗಿತ್ತು. ಈಗ ಅವೆಲ್ಲಾ ಗಾರೆ ಮೆತ್ಕಂಡು ಇನ್ನೊಂದ್ ತಾರಸಿ ಕೆಳಗವ. ನಿನ್ ಆ ಇದ್ದಿಲ್ ಗೀಟೂ ಉಳ್ದಿರಲ್ಲ, ಏನೂ ಉಳ್ದಿರಲ್ಲ. ಹುಡುಕ್ಬ್ಯಾಡ.

ನಿನ್ ಇದ್ದಿಲ್ ಗೀಟು! ಅದ್ನ ನೆನಸ್ಕಂಡ್ರ ಈಗ್ಲೂ ನಗ ಬತ್ತದ. ಮೋಲ್ಡ್ ಹಾಕ್ದ ಮಾರ್ನೇ ದಿನದಿಂದ ನಡುಗಂಬದ ಮ್ಯಾಲ ದಿನಾ ಬೆಳಗ್ಗೆ ಒಂದ್ ಗೀಟು. ಇಪ್ಪತ್ತೊಂದ್ ಗೀಟ್ ಆಗ ತನ್ಕ ಯಾರೂ ಕಂಬ ಮುಟ್ಟಂಗಿಲ್ಲ. ಇಂಜಿನಿಯರ್ ಸಾಹೇಬ್ರು ಪುಸ್ತಕ ನೋಡ್ತಾರ, ನಮ್ ಮಾದು ಕಂಬ ನೋಡ್ತಾನ ಅಂತ ನಾನೇ ಎಲ್ರ್ ಮುಂದ ಯೋಳ್ಕಂಡಿವ್ನಿ. ನಿಮ್ಮಪ್ಪನೂ ಅಂಗೇ ಗೀಟ್ ಹಾಕ್ತಿದ್ನಂತ. ನಿಮ್ಮಪ್ಪನ ಕಾಲದಲಿ ಸಿಮೆಂಟ್ ಬ್ಯಾರೆ, ಈಗಿನ್ ಸಿಮೆಂಟ್ ಬ್ಯಾರೆ ಕಣ್ಲಾ. ಈಗ ಬ್ಯಾಗ ಸೆಟ್ ಆಯ್ತದ. ಇಪ್ಪತ್ತೊಂದ್ ದಿನ ಕಂಬ ಅಲ್ಲೇ ನಿಲ್ಸ್ಕಂಡ್ರ ಬ್ಯಾರೆ ಕೆಲ್ಸಕ್ ನಾನೇನ್ ಕಾಡ್ಗ ಓಗಿ ಮರ ಕಡೀಲಾ? ಅಂತ… ಅಂತ ರಾಚ ಅಂದಿರ್ಬೋದು. ಅವ್ನ್ ಬುದ್ದಿ ಅಂಥದ್ದು. ಆತುರಗಾರ.

ನೀ ಇದ್ದಿದ್ರ ಬುಡ್ತಿರ್ನಿಲ್ಲ ಬುಡು. ಕಂಬಕ್ಕ ಕೈ ಹಾಕ್ದೋನ ಕೈ ಇಡ್ಕತಿದ್ದೆ. ಅದ್ಕೇ ಯೋಳದು, ಅವತ್ತೇ ನೀ ಯಾಕ್ ಓದೆ ಅಂತ. ನೀ ಇರ್ನಿಲ್ಲ, ಅವ್ಳು ಒಬ್ಳೇ ಆದ್ಳು. ಹೆಂಗುಸು, ಅವ್ಳ್ಗೇನ್ ಗೊತ್ತಾಯ್ತದ. ನೀರ್ ಕಟ್ಟದು, ಗೀಟ್ ಎಳ್ಯದು, ಅಷ್ಟೇ ಅವ್ಳ್ಗ್ ಗೊತ್ತಿದ್ದದ್ದು. ನೀನ್ ಯೋಳ್ಕೊಟ್ಟಿದ್ದಷ್ಟೇ. ಹಠ ಬ್ಯಾರೆ! ಟೆಂಪೊ ಬಂದ್ ನಿಂತದ, ಹೊತ್ತಾಯ್ತದ, ಆ ಕಡೆ ಗೃಹಪ್ರವೇಶಕ್ಕ ತಡ ಆಯ್ತದ, ಬುಡಮ್ಮಿ ಪಕ್ಕಕ್ಕ ಅಂದ್ರ ಬುಡಾಕಿಲ್ಲ. ನಡುಗಂಬ ತಬ್ಕಂಡ್ ನಿಂತ್ಗಂಡ್ಳು. 'ಒಂಬತ್ತೇ ಗೀಟಾಗಿರದು ಬುದ್ದೀ, ನಮ್ಮೋರ್ ಬಂದ್ರ ಬಯ್ತಾರ, ಇನ್ನೂ ಹಸೀ ಅದ ಬುದ್ದೀ…' ಅಂತ ಅದೊಂದೇ ಮಾತು. ಎಷ್ಟ್ ಯೋಳುದ್ರೂ…

…

ಏನು?

ಯಾಕ್ಲಾ ಅಂಗ ನೋಡ್ತಿದ್ದೀ? ಇಷ್ಟೊತ್ತು ತಲೆ ಬಗ್ಗಿಸ್ಕಂಡಿದ್ದೋನು… ಏನಂದೆ ನಾನು? ಏನೂ ಅನ್ನಿಲ್ವಲ್ಲ. ರಾಚ ಯೋಳ್ದ ಕಣ. ರಾಚನೇ. ಫೋನ್ ಮಾಡಿದ್ದ… ಅವತ್ತು ಸಂಜೆ. ಇಲ್ಲ, ಮಾರ್ನೇ ದಿನ. ಸ್ವಿಚ್ ಆಫ್ ಮಾಡ್ಕಳಕ್ಕ ಮುಂಚ. ಒಂದ್ ಮಾತೂ ಆಡಿಲ್ಲ ಅಂದ್ನಾ ನಾನು? ಯಾವಾಗಂದೆ? ಆಗ್ಲೇ ಅಂದ್ನಾ?… ಅಂಗಲ್ಲ ಕಣ ಅದರರ್ಥ.

'ಬುದ್ದಿ' ಅಂತ ಅವ್ಳು ಯಾರ್ಗಾರ ಅಂತಾಳ. ರಾಚನ್ಗೂ ಅಂದಿರ್ಬೋದು… ಅನ್ನಲ್ವಾ? ರಾಚನ್ಗ ಏನಂತಾಳ?… ಮಾವ. ಹೂಂ. ನಿಮ್ ಬೀದಿಯೋನೇ ಅಲ್ವಾ ಅವ್ನು. ಮಾವ ಅಂತಾಳ.

ಮಾದು. ಏ ಮಾದು. ನಾನೇನ್ ಅವ್ಳ ಕೊಲ್ಲಕ ಓಗಿದ್ನಾ? ಹತ್ತು ನಿಮಿಷ ನಿಂತಿದ್ದೆ ಅಷ್ಟೇ. 'ಕಂಬ ಬಿಚ್ಲಾ ರಾಚ' ಅಂದೆ, ಅಂದದ್ದು ನಿಜ. ಅವ್ಳು ತಾರಸಿ ಕೆಳಕ್ಕ ಮತ್ತ ಯಾಕ ಓದ್ಳೋ, ಆ ಇದ್ದಿಲ್ ಚೂರು ಎತ್ಕಳಕ ಓದ್ಳೋ ಏನೋ, ನಾನ್ ಬೈಕ್ ತಿರುಗಿಸ್ಕಂಡಿದ್ದೆ, ಶಬ್ದ ಕೇಳ್ತು… ನಾನ್ ನಿಲ್ನಿಲ್ಲ. ನಿಲ್ನಿಲ್ಲ ಕಣ್ಲಾ. ನಂಗೂ ಹೆಂಡ್ತಿ ಮಕ್ಳು ಅವ್ರ.

ಮಾತಾಡು. ಬಯ್ಯಿ. ಹೊಡಿ ಬೇಕಾದ್ರ.

ಹಾಂ… ಪೆನ್ನ ತಗಂಡ್ಯಾ. ಒಳ್ಳೇದಾಯ್ತು, ಒಳ್ಳೇದಾಯ್ತು ಮಾದು. ನಿನ್ ಋಣ ತೀರ್ಸ್ತೀನಿ ನಾನು. ಕೆಳಗ, ಇಲ್ಲಿ, ಈ ಜಾಗದಲಿ. 'ಗುತ್ತಿಗೆದಾರರ ಸಹಿ' ಅಂತ ಅದಲ್ಲ, ಅಲ್ಲಿ. ನಿಧಾನ್ವಾಗೇ ಹಾಕು…

ಅದೇನ್ಲಾ ಅದು? ಇದು ಸೈನಾ? ಗೀಟ್ ಯಾಕ ಎಳೀತಿದ್ದೀ? ಏ, ಬಾಂಡ್ ಪೇಪರ್ ಅದು, ಹಾಳ್ ಮಾಡ್ಬ್ಯಾಡ… ಮಾದು! ಕೇಳ್ತಾ ಅದಾ? ಮೂರು… ನಾಕು… ಬುಡ್ಲಾ ಸಾಕು. ಏ ಭಾನು, ಇಲ್ಬಾರಮ್ಮಿ, ನಿಮ್ಮಪ್ಪನ್ಗ ಏನೋ ಆಗದ… ಯಾಕ ಬರ್ನಿಲ್ಲ ಅವ್ಳು? ಅಲ್ಲೇ ನಿಂತ್ಗಂಡು ನೋಡ್ತಾವ್ಳಲ್ಲ. ಆರು… ಏಳು… ಇನ್ನೂ ಎಷ್ಟ್ ಎಳೀತೀ? ಇಪ್ಪತ್ತೊಂದೂ ಎಳೀತೀಯಾ? ಎಳಿ. ಎಳ್ದ್ಬುಡು. ಎಳ್ದು ಸೈನ್ ಹಾಕು. ಎಂಟು… ಒಂಬತ್ತು…

…ಎಳೀ.

ಎಳೀಲಾ ಮಾದು. ಒಂಬತ್ತಕ್ಕ ಯಾಕ ನಿಲ್ಲಿಸ್ದೆ?